ಬಿಚ್ಚಿ ಕಟ್ಟಿದ ಬಿಲ್ಲೆ

ಶುಕ್ರವಾರ, 14ನೇ ತಾರೀಕು
ಸಂಜೆ ಐದೂವರೆ

ಅಣ್ಣನಿಗೆ ಗುಮಾಸ್ತೆಯ ನಮಸ್ಕಾರ.

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ಆದ್ದರಿಂದ ಮೊದಲು ಮುಖ್ಯವಾದದ್ದನ್ನು ಬರೆಯುತ್ತೇನೆ. ಸೋಮವಾರ ವಿಚಾರಣೆಯಲ್ಲಿ ಆ ತಪ್ಪೊಪ್ಪಿಗೆಗೆ ಸಹಿ ಹಾಕಬೇಡ. ಕಂಪನಿಯ ವಕೀಲರು ಏನೇ ಹೇಳಲಿ, ಇದೊಂದು ಮುಗಿದುಹೋದರೆ ಸಾಕು ಎಂದು ನಿನಗೇ ಅನ್ನಿಸಿದರೂ ಸರಿ, ಸಹಿ ಮಾತ್ರ ಹಾಕಬೇಡ. ನಾಲ್ಕನೇ ಮಹಡಿಯಲ್ಲಿ ಆದದ್ದು ನಿನ್ನ ಕೈಯಿಂದ ಆದದ್ದಲ್ಲ. ನೀನು ಜಂಪರ್ ವೈರನ್ನು ತೆಗೆದಿದ್ದೆ. ತೆಗೆಯದೆ ಬಿಟ್ಟಿದ್ದರೂ ಲಿಫ್ಟು ಏರಿದ್ದು ಅದರಿಂದಲ್ಲ. ಅದು ನನಗೆ ಹೇಗೆ ಗೊತ್ತು ಎಂಬುದೇ ಈ ಕಾಗದ.

ಕಾಗದ ಯಾಕೆ ಎಂದು ಅತ್ತಿಗೆ ಕೇಳಿಯಾರು. ನಿನ್ನ ಫೋನು ಕಂಪನಿಯದು, ಅಮಾನತು ಮಾಡಿದ ದಿನವೇ ಅವರು ಇಸಿದುಕೊಂಡರು. ಅತ್ತಿಗೆಯ ಫೋನಿಗೆ ಕರೆ ಮಾಡಿದರೆ ಅವರು ಸ್ಪೀಕರ್ ಹಾಕಿ ಮೇಜಿನ ಮೇಲಿಡುತ್ತಾರೆ. ಎದುರು ಬಂದು ಹೇಳೋಣವೆಂದರೆ ಹೋದ ಭಾನುವಾರ ಬಂದಿದ್ದೆನಲ್ಲ, ನೋಡಿದೆಯಲ್ಲ ನನ್ನ ಶೌರ್ಯ. ಎರಡು ಲೋಟ ಟೀ ಕುಡಿದೆ, ನಿಮ್ಮ ಅಡುಗೆಮನೆಯ ನಲ್ಲಿ ಸೋರುವುದರ ಬಗ್ಗೆ ಮಾತಾಡಿದೆ, ಎದ್ದು ಬಂದೆ. ಎದುರಿಗಿದ್ದರೆ ನಾನು ಮಾತು ತಿರುಗಿಸುತ್ತೇನೆ. ಬರೆಯುವಾಗ ಹಾಗೆ ಮಾಡಲಾಗುವುದಿಲ್ಲ. ಅಲ್ಲದೆ ಇದರಲ್ಲಿ ಅಂಕಿಗಳಿವೆ, ಅವು ನಿನ್ನ ಕೈಯಲ್ಲಿ ಬರವಣಿಗೆಯಲ್ಲೇ ಇರಬೇಕು.

ಸಾರ್ವಜನಿಕ ವಾಚನಾಲಯದ ಉದ್ದ ಮೇಜಿನ ಕೊನೆಯಲ್ಲಿ ಕೂತಿದ್ದೇನೆ. ಎದುರಿಗೆ ಮೂವರು ಮುದುಕರು ಒಂದೇ ಪತ್ರಿಕೆಯನ್ನು ಹಾಳೆ ಹಾಳೆ ಹಂಚಿಕೊಂಡು ಓದುತ್ತಿದ್ದಾರೆ. ಏಳಕ್ಕೆ ಬಾಗಿಲು ಹಾಕುತ್ತಾರೆ. ಅಷ್ಟರೊಳಗೆ ಬರೆದು, ಅತ್ತಿಗೆಯ ಔಷಧಿ ಅಂಗಡಿಗೆ ಹೋಗಿ ಅವರ ಕೈಗೇ ಕೊಟ್ಟು ಬರುತ್ತೇನೆ.

ನನ್ನ ಕೆಲಸವೇನೆಂದು ನಿನಗೆ ಪೂರ್ತಿ ಗೊತ್ತಿಲ್ಲ. ನಾನು ಈ ಕಂಪನಿಗೆ ಸೇರಿದ್ದೇ ನಿನ್ನಿಂದ. ‘ನಮ್ಮಲ್ಲಿ ಕೋಡು ನೋಡ್ಕೊಳ್ಳೋರು ಬೇಕಂತೆ, ನೀನು ಚಿಕ್ಕೋಳಿದ್ದಾಗಿಂದ ಎಲ್ಲದಕ್ಕೂ ಪಟ್ಟಿ ಮಾಡೋ ಗುಮಾಸ್ತೆ, ನಿಂಗೆ ಹೇಳಿ ಮಾಡಿಸಿದ ಹಾಗಿದೆ’ ಎಂದು ನೀನೇ ಅರ್ಜಿ ತಂದುಕೊಟ್ಟಿದ್ದೆ. ನೀನು ಊರಿನ ಆ ತುದಿಯ ಸರ್ವಿಸ್ ವಿಭಾಗ, ನಾನು ಈ ತುದಿಯ ಕಚೇರಿ. ಏಳು ವರ್ಷದಲ್ಲಿ ಕೆಲಸದ ಸಲುವಾಗಿ ನಾವಿಬ್ಬರು ಒಮ್ಮೆಯೂ ಮಾತಾಡಿಲ್ಲ. ಮಾತಾಡಿದ್ದೇವೆ, ಒಮ್ಮೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮಲ್ಲಿ ಎರಡು ತಂಡಗಳಿವೆ. ಒಂದು ಜನ ಹತ್ತುವ ಲಿಫ್ಟಿನದು, ಇನ್ನೊಂದು ಹೋಟೆಲಿನ ಅಡುಗೆಮನೆಯಿಂದ ಮೇಲಕ್ಕೆ ಸಾಮಾನು ಸಾಗಿಸುವ ಪುಟ್ಟ ಲಿಫ್ಟಿನದು. ಬಾಗಿಲು, ಗಂಟೆ, ಮಟ್ಟ ಸರಿಪಡಿಸುವುದು ಇಂಥವು ಎರಡಕ್ಕೂ ಬೇಕಲ್ಲ, ಅವುಗಳ ಕೋಡನ್ನು ಒಂದೇ ಕಡೆ ಹಂಚಿಕೊಂಡು ಇಟ್ಟಿದ್ದೇವೆ. ಆ ಜಾಗಕ್ಕೆ ರೆಪೊ ಅನ್ನುತ್ತೇವೆ. ಯಾರು ಏನು ತಿದ್ದಿ ಒಪ್ಪಿಸಿದರೂ ಆ ಹೊತ್ತಿನ ಇಡೀ ಕೋಡು ಅಲ್ಲಿ ಫೋಟೊ ತೆಗೆದ ಹಾಗೆ ಉಳಿಯುತ್ತದೆ. ಪ್ರತಿ ಫೋಟೊಗೂ ಯಂತ್ರವೇ ಒಂದು ಬೆರಳಚ್ಚು ಕೊಡುತ್ತದೆ. ಅಂಕಿ, ಅಕ್ಷರ ಬೆರೆತ ಉದ್ದನೆಯ ಗುರುತು ಅದು. ಒಂದು ಚುಕ್ಕೆ ಬದಲಾದರೂ ಬೆರಳಚ್ಚು ಬೇರೆಯಾಗುತ್ತದೆ.

ಅಷ್ಟುದ್ದದ ಗುರುತನ್ನು ಯಾರಿಗೂ ನೆನಪಿಟ್ಟುಕೊಳ್ಳಲಾಗದು. ಅದಕ್ಕೆ, ಪರೀಕ್ಷೆ ಮುಗಿದು ಲಿಫ್ಟಿಗೆ ಹೋಗಲು ಸಿದ್ಧವಾದ ಫೋಟೊಗೆ ಒಂದು ಹೆಸರು ಕಟ್ಟುತ್ತೇವೆ: 7.1, 7.2, 7.3. ಈ ಹೆಸರಿಗೆ ಟ್ಯಾಗ್ ಅನ್ನುತ್ತೇವೆ. ನೀವು ಪರೀಕ್ಷೆ ಮಾಡಿದ ಉಕ್ಕಿನ ಹಗ್ಗದ ತುದಿಗೆ ತಗಡಿನ ಬಿಲ್ಲೆ ಕಟ್ಟುತ್ತೀರಲ್ಲ, ಹಾಗೆ. ಬಿಲ್ಲೆ ಕಂಡವನು ಹಗ್ಗವನ್ನು ಮತ್ತೆ ಎಳೆದು ನೋಡುವುದಿಲ್ಲ. ನಮ್ಮ ಕಚೇರಿಯಲ್ಲಿ ಬಿಲ್ಲೆ ಕಟ್ಟುವ ಕೆಲಸ ನನ್ನದು. ನಾನೊಬ್ಬಳೇ ಕಟ್ಟಬಹುದು. ಬಿಚ್ಚುವವಳೂ ನಾನೊಬ್ಬಳೇ.

7.3ಕ್ಕೆ ಮೂರು ವಾರ ಪರೀಕ್ಷೆ ನಡೆಯಿತು. ಪರೀಕ್ಷೆ ವಿಭಾಗದಾಕೆ ತುಂಬು ಬಸುರಿ. ಆಕೆ ಕೆಳಮಹಡಿಯ ಮಾದರಿ ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಕೂತು ಸಾವಿರದ ಇನ್ನೂರು ಸಲ ಬಾಗಿಲು ತೆರೆಸಿ ಮುಚ್ಚಿಸಿದಳು. ‘ಮಗು ಹುಟ್ಟಿದ ಮೇಲೆ ಮೊದಲ ಮಾತು ಅಮ್ಮ ಅನ್ನಲ್ಲ, ಡಿಂಗ್ ಅನ್ನುತ್ತೆ’ ಎಂದು ನಗುತ್ತಿದ್ದಳು. ಎಲ್ಲ ಸರಿ ಬಂತು. ನಾನು ಬಿಲ್ಲೆ ಕಟ್ಟಿದೆ. ಆಕೆ ರಜೆಯ ಮೇಲೆ ಹೋದಳು.

ಮೂರನೇ ದಿನ ನಮ್ಮ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದರು. ಇವರನ್ನು ನಾವು ಬೆನ್ನ ಹಿಂದೆ ಆಗ್ಲೇಬೇಕು ಅನ್ನುತ್ತೇವೆ. ಯಾವ ಮಾತು ಆರಂಭಿಸಿದರೂ ‘ಇವತ್ತೇ ಆಗ್ಲೇಬೇಕು’ ಎಂದೇ ಮುಗಿಸುತ್ತಾರೆ. ಕ್ಯಾಬಿನ್ ಒಳಗಿನ ಪರದೆಯಲ್ಲಿ ನೆಲಮಹಡಿಗೆ ಸೊನ್ನೆಯ ಬದಲು ಬರೀ ಒಂದು ಗೆರೆ ಕಾಣುತ್ತಿದೆ ಎಂದು ಯಾರೋ ದೊಡ್ಡ ಗಿರಾಕಿ ದೂರಿದ್ದರಂತೆ. ಅದನ್ನು ಸರಿಪಡಿಸಿದ ಸಾಲು ಆಗಲೇ ರೆಪೊ ಸೇರಿತ್ತು. ಆದರೆ 7.3ರ ಫೋಟೊ ತೆಗೆದ ಮೇಲೆ ಸೇರಿದ್ದು. ನಾನು, 7.4 ಎಂದು ಹೊಸ ಹೆಸರು ಕೊಡೋಣ ಎಂದೆ. ಅವರು ನನ್ನ ಮೇಜಿನ ಅಂಚಿನ ಮೇಲೆ ಕೂತರು. ‘ಒಂದು ಸಾಲು ಕಣ್ರೀ. ಒಂದು ಸಾಲಿಗೆ ಹೊಸ ಹೆಸರು ಅಂದ್ರೆ ಮತ್ತೆ ಮೂರು ವಾರ ಟೆಸ್ಟು. ಟೆಸ್ಟ್ ಮಾಡೋಳು ಹೆರಿಗೆಗೆ ಹೋಗಿದಾಳೆ. ಅದೇ ಹೆಸರನ್ನ ಒಂಚೂರು ಈಚೆ ಎಳ್ಕೊಳ್ಳಿ, ಅಷ್ಟೆ. ಇವತ್ತೇ ಆಗ್ಲೇಬೇಕು.’

ಗೋಡೆಯ ಪಕ್ಕ ಒಂದು ಯಂತ್ರವಿದೆ, ಲಿಫ್ಟಿಗೆ ಹೋಗುವ ಕಡತ ತಯಾರಾಗುವುದು ಅದರಲ್ಲೇ. ಅದರ ಮುಂದೆ ನಿಂತು ಟೈಪ್ ಮಾಡಿದೆ. ಈ ಹೆಸರು ಆಗಲೇ ಇದೆ, ಸರಿಸಲಾಗುವುದಿಲ್ಲ ಎಂದು ಯಂತ್ರ ಹೇಳಿತು. ಅದರಲ್ಲಿ ಅಂಥ ತಡೆಯೊಂದಿದೆ, ಸುಮ್ಮನೆ ಕೈತಪ್ಪಿ ಯಾರೂ ಬಿಲ್ಲೆ ಬಿಚ್ಚದಿರಲಿ ಎಂದು. ಆ ತಡೆಯನ್ನು ದಾಟಲು ಒಂದು ಪದವನ್ನು ಸೇರಿಸಿ ಮತ್ತೆ ಟೈಪ್ ಮಾಡಬೇಕು: ಫೋರ್ಸ್. ಬಲವಂತ ಎಂದು ಅರ್ಥ. ಇಂಗ್ಲಿಷಿನ ಐದಕ್ಷರ ಸೇರಿಸಿದೆ. ಯಂತ್ರ ಸುಮ್ಮನಾಯಿತು. ಆಗ್ಲೇಬೇಕು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ‘ನೋಡಿ, ಆಗೋಯ್ತು’ ಎಂದರು.

ನಾನು ಆ ಒಂದು ಸಾಲನ್ನು ನೋಡಿದ್ದೆ. ಹಳೆಯ ಫೋಟೊಗೂ ಆ ಸಾಲಿಗೂ ನಡುವೆ ಇನ್ನೇನಿದೆ ಎಂದು ನೋಡಲಿಲ್ಲ. ನಡುವೆ ಐದು ಬದಲಾವಣೆಗಳಿದ್ದವು. ಐದೂ ಸಾಮಾನು ಲಿಫ್ಟಿನ ತಂಡದವರು ಹಂಚಿಕೆಯ ಕೋಡಿನಲ್ಲಿ ಮಾಡಿದವು.

ಮಟ್ಟ ಸರಿಪಡಿಸುವುದು ಎಂದರೇನೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಭಾರದ ಸಾಮಾನು ಒಳಗಿಟ್ಟಾಗ ಹಗ್ಗ ಸ್ವಲ್ಪ ಹಿಗ್ಗಿ ಕ್ಯಾಬಿನ್ ಕುಸಿಯುತ್ತದೆ, ಆಗ ಬಾಗಿಲು ತೆರೆದಿದ್ದರೂ ಅದು ಮೆಲ್ಲಗೆ ಮೇಲೇರಿ ನೆಲಕ್ಕೆ ಸಮವಾಗಿ ನಿಲ್ಲಬೇಕು. ಎಷ್ಟು ಏರಬಹುದು ಎಂಬುದಕ್ಕೆ ಒಂದು ಮಿತಿ ಇದೆ, ನಾಲ್ಕು ಬೆರಳಿನಷ್ಟು. ಸಾಮಾನು ಲಿಫ್ಟಿನವರಿಗೆ ಆ ಮಿತಿ ತೊಂದರೆ ಕೊಡುತ್ತಿತ್ತು. ಅದರಲ್ಲಿ ಜನ ಕಾಲಿಡುವುದಿಲ್ಲವಲ್ಲ. ಅವರು ಮಿತಿಯನ್ನು ಕಿತ್ತು ಹಾಕಿದ್ದರು, ವೇಗವನ್ನೂ ಹೆಚ್ಚಿಸಿದ್ದರು. ಅವರ ಲಿಫ್ಟಿಗೆ ಅದು ಸರಿಯೇ. ನಾನು ಬಿಲ್ಲೆಯನ್ನು ಬಿಚ್ಚಿ ಈಚೆಗೆ ಕಟ್ಟಿದಾಗ ಅದು ಜನರ ಲಿಫ್ಟಿನೊಳಗೂ ಬಂದು ಕೂತಿತು. ಹೆಸರು ಮಾತ್ರ 7.3. ಪರೀಕ್ಷೆಯ ವರದಿಯ ಮೇಲೂ 7.3. ಒಳಗಿನ ಹಗ್ಗ ಬೇರೆ.

ಅದು ನಲವತ್ತೇಳು ಲಿಫ್ಟುಗಳಿಗೆ ಹೋಯಿತು. ಆ ನಾಲ್ಕು ಮಹಡಿಯ ಕಟ್ಟಡ ಅವುಗಳಲ್ಲಿ ಒಂದು.

ಹೋದ ತಿಂಗಳ 22ನೇ ತಾರೀಕು ನಡೆದದ್ದನ್ನು ನೀನು ನನಗೆ ಮೂರು ಸಲ ಹೇಳಿದ್ದೀಯ. ಬಾಗಿಲಿನ ಸಂಪರ್ಕ ಕೆಟ್ಟಿದೆಯೇ ಎಂದು ನೋಡಲು ಹನ್ನೊಂದು ಇಪ್ಪತ್ತಕ್ಕೆ ಜಂಪರ್ ವೈರು ಹಾಕಿದೆ, ಪುಸ್ತಕದಲ್ಲಿ ಬರೆದೆ. ಅಷ್ಟರಲ್ಲಿ ಸರ್ವಿಸ್ ವಿಭಾಗದಿಂದ ಫೋನು ಬಂತು, ಇನ್ನೊಂದು ಕಡೆ ಯಾರೋ ಸಿಕ್ಕಿಕೊಂಡಿದ್ದಾರೆ ಎಂದು. ಹನ್ನೊಂದು ಐವತ್ತಕ್ಕೆ ಲಿಫ್ಟನ್ನು ಜನರಿಗೆ ಬಿಟ್ಟೆ. ಹನ್ನೆರಡೂ ಹತ್ತಕ್ಕೆ ನಾಲ್ಕನೇ ಮಹಡಿಯ ಹೊಲಿಗೆಯಾಕೆ ಬಟ್ಟೆಯ ದೊಡ್ಡ ಗಂಟನ್ನು ಒಳಗೆ ತಳ್ಳಿ ಒಂದು ಕಾಲು ಒಳಗಿಟ್ಟಳು. ಬಾಗಿಲು ತೆರೆದಿದ್ದಂತೆಯೇ ಲಿಫ್ಟು ಏರಿತು. ಪುಸ್ತಕದಲ್ಲಿ ವೈರು ಹಾಕಿದ್ದಕ್ಕೆ ಸಾಲು ಇದೆ, ತೆಗೆದದ್ದಕ್ಕೆ ಇಲ್ಲ. ವೈರು ಅಲ್ಲೇ ಉಳಿದಿತ್ತು, ಅದಕ್ಕೇ ತೆರೆದ ಬಾಗಿಲನ್ನೂ ಮುಚ್ಚಿದೆಯೆಂದು ತಿಳಿದು ಲಿಫ್ಟು ಹೊರಟಿತು ಎನ್ನುತ್ತಾರೆ ಕಂಪನಿಯವರು. ‘ತೆಗ್ದೆ ಅಂತ ಕೈ ಹೇಳುತ್ತೆ, ಪುಸ್ತಕ ಹೇಳಲ್ಲ. ಹದಿನೆಂಟು ವರ್ಷದಿಂದ ನಾನು ಪುಸ್ತಕಾನೇ ನಂಬಿರೋನು’ ಎಂದೆ ನೀನು. ಅತ್ತಿಗೆ ಒಳಕ್ಕೆ ಎದ್ದು ಹೋದರು. ನಾನು ನಲ್ಲಿಯ ಮಾತು ತೆಗೆದೆ.

ಆ ಬಟ್ಟೆಗಂಟಿನ ಭಾರಕ್ಕೆ ಕ್ಯಾಬಿನ್ ಕುಸಿದಿದೆ. ಕುಸಿದದ್ದನ್ನು ಸರಿಪಡಿಸಲು ಏರಿದೆ. ನಿಲ್ಲಬೇಕಾದಲ್ಲಿ ನಿಲ್ಲಲು ಅದಕ್ಕೆ ಹೇಳುವವರೇ ಇರಲಿಲ್ಲ.

ನಾನು ಆಸ್ಪತ್ರೆಗೆ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಆಕೆಯ ಎಡಗಾಲು ಎರಡು ಕಡೆ ಮುರಿದಿದೆ, ಪಾದ ಉಳಿಯುತ್ತದೋ ಇಲ್ಲವೋ ಇನ್ನೂ ಹೇಳಲಾಗದು ಎನ್ನುತ್ತಾರೆ. ವಾರ್ಡಿನ ಬಾಗಿಲಲ್ಲಿ ನಿಂತಿದ್ದಾಗ ದಾದಿ, ‘ನೀವು ಅವರಿಗೆ ಏನಾಗ್ಬೇಕು?’ ಎಂದಳು. ಗಿರಾಕಿ ಎಂದೆ. ‘ಬಟ್ಟೆ ಕೇಳೋಕೆ ಬಂದಿದ್ರೆ ಈಗ ಬೇಡಮ್ಮ, ಬೆಳಿಗ್ಗೆಯಿಂದ ನೀವು ನಾಲ್ಕನೆಯವ್ರು’ ಎಂದಳು. ಹಾಗೇ ಹಿಂತಿರುಗಿದೆ.

ಈಗ ಬರೆಯಲು ಕಷ್ಟವಾದ ಭಾಗ.

ವಿಚಾರಣೆಯವರು ನೀನು ಆ ದಿನ ಅಲ್ಲಿಗೆ ಹೋದದ್ದೇಕೆ ಎಂದು ಕೇಳಿದಾಗ, ತಾಂತ್ರಿಕ ವಿಭಾಗದವರು ವೈರಿಂಗ್ ನೋಡು ಎಂದು ಬರೆದಿದ್ದರು, ಅದಕ್ಕೆ ಹೋದೆ ಎಂದೆಯಲ್ಲ. ಅದಕ್ಕೂ ಹನ್ನೆರಡು ದಿನ ಮೊದಲು, 10ನೇ ತಾರೀಕು, ನೀನೊಂದು ದೂರಿನ ಚೀಟಿ ಕಳಿಸಿದ್ದೆ. ನಮಗೆ ಬರುವ ಚೀಟಿಗಳಲ್ಲಿ ಹೆಸರಿರುವುದಿಲ್ಲ, ಮೆಕ್ಯಾನಿಕ್ಕಿನ ಸಂಖ್ಯೆ ಮಾತ್ರ. ಮೆಕ್ಯಾನಿಕ್ 118: ‘ಬಾಗಿಲು ತೆರೆದಿರುವಾಗ ಕ್ಯಾಬಿನ್ ಒಂದು ಗೇಣು ಮೇಲೆ ಸರಿಯಿತು. ಎರಡು ಸಲ ಕಂಡೆ. ಜನ ಇರಲಿಲ್ಲ.’ ಅದು ನೀನೆಂದು ನನಗೆ ಗೊತ್ತಿರಲಿಲ್ಲ. ನೀನೆಂದು ಗೊತ್ತಿದ್ದರೆ ಮಾತ್ರ ಸರಿಯಾಗಿ ನೋಡುತ್ತಿದ್ದೆ ಎಂದಲ್ಲ. ನಾನು ನೋಡಿದೆ. ಸರಿಯಾಗಿಯೇ ನೋಡಿದೆ ಎಂದುಕೊಂಡೆ. ಅರ್ಧ ದಿನ ಕೂತು 7.3ನ್ನು ಪರದೆಯ ಮೇಲಿನ ಅಣಕು ಲಿಫ್ಟಿನಲ್ಲಿ ಓಡಿಸಿದೆ, ಭಾರ ಹಾಕಿದೆ, ತೆಗೆದೆ, ಬಾಗಿಲು ತೆರೆದಿಟ್ಟೆ. ಪ್ರತಿ ಸಲವೂ ನಾಲ್ಕು ಬೆರಳಿಗೆ ನಿಂತಿತು. 13ರ ಸೋಮವಾರ ಉತ್ತರ ಬರೆದೆ: ‘7.3ರಲ್ಲಿ ಪರೀಕ್ಷಿಸಲಾಗಿದೆ. ದೋಷ ಕಂಡುಬಂದಿಲ್ಲ. ಬಾಗಿಲಿನ ವೈರಿಂಗ್ ಪರಿಶೀಲಿಸಿ.’

ಅಣ್ಣ, ಆ ಉತ್ತರ ನನ್ನದು. ಏಳು ವರ್ಷದಲ್ಲಿ ಕೆಲಸದ ಸಲುವಾಗಿ ನಾನು ನಿನ್ನೊಡನೆ ಆಡಿದ ಒಂದೇ ಮಾತು ಅದು.

ನಾನು ಓಡಿಸಿ ನೋಡಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ. ರೆಪೊದ ಒಂದೊಂದು ಪೂರ್ತಿ ಪ್ರತಿ ನಮ್ಮೆಲ್ಲರ ಹತ್ತಿರವೂ ಇರುತ್ತದೆ. ಹೊಸ ಕೆಲಸ ಬಂದರೆ ಪ್ರತಿದಿನ ಅದನ್ನು ಇಳಿಸಿಕೊಳ್ಳುತ್ತೇವೆ. ಆದರೆ ಒಂದು ಹೆಸರು ಒಮ್ಮೆ ನಮ್ಮ ಪ್ರತಿಯಲ್ಲಿ ಬಂದು ಕೂತರೆ, ಆ ಕಡೆ ಅದನ್ನು ಬಿಚ್ಚಿ ಬೇರೆ ಕಡೆ ಕಟ್ಟಿದರೂ ನಮ್ಮಲ್ಲಿ ಅದು ತಾನಾಗಿ ಬದಲಾಗುವುದಿಲ್ಲ. ಹಳೆಯ ಜಾಗದಲ್ಲೇ ಇರುತ್ತದೆ. ಇದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಹೊಸದಾಗಿ ಸೇರಿದವರಿಗೆ ಪಾಠ ಹೇಳುವವಳೇ ನಾನು. ಬಿಲ್ಲೆ ಸರಿಸಿದ್ದು ಗೋಡೆಯ ಪಕ್ಕದ ಯಂತ್ರದಲ್ಲಿ. ನನ್ನ ಲ್ಯಾಪ್‌ಟಾಪಿನ 7.3 ಇನ್ನೂ ಆ ಬಸುರಿ ಹೆಂಗಸು ಸಾವಿರದ ಇನ್ನೂರು ಸಲ ಪರೀಕ್ಷಿಸಿದ ಒಳ್ಳೆಯ 7.3. ನೀನು ಒಂದು ಲಿಫ್ಟಿನ ಬಗ್ಗೆ ದೂರು ಕೊಟ್ಟೆ, ನಾನು ಇನ್ನೊಂದನ್ನು ಪರೀಕ್ಷಿಸಿ ಚೆನ್ನಾಗಿದೆ ಎಂದೆ. ನನ್ನ ಉತ್ತರ ನಂಬಿ ನೀನು ವೈರು ಹಿಡಿದು ಹೊರಟೆ.

ಇದು ನನಗೆ ತಿಳಿದದ್ದು ಅಪಘಾತವಾದ ಎಂಟನೇ ದಿನ. ಬೇರೆ ಯಾವುದೋ ಕೆಲಸಕ್ಕೆ ಗೋಡೆಯ ಪಕ್ಕದ ಯಂತ್ರದಲ್ಲಿ 7.3ರ ಬೆರಳಚ್ಚು ನೋಡಿದೆ. ಪಕ್ಕದಲ್ಲೇ ನನ್ನ ಲ್ಯಾಪ್‌ಟಾಪು ತೆರೆದಿತ್ತು. ಎರಡೂ ಬೇರೆ. ಮೊದಲು ನನ್ನ ಕಣ್ಣಿನ ತಪ್ಪೆಂದುಕೊಂಡೆ, ಅಂಕಿಗಳನ್ನು ಕಾಗದದ ಮೇಲೆ ಬರೆದು ಒಂದೊಂದಾಗಿ ಬೆರಳಿಟ್ಟು ನೋಡಿದೆ. ಆಮೇಲೆ ಕೂತುಕೊಂಡೆ. ಪಕ್ಕದ ಮೇಜಿನವರು ಬಿ.ಪಿ. ಏನಾದರೂ ಇಳಿಯಿತೇ ಎಂದು ನೀರು ತಂದುಕೊಟ್ಟರು.

ಅವತ್ತೇ ನಮ್ಮ ಮ್ಯಾನೇಜರ್ ಆಗ್ಲೇಬೇಕು ಅವರ ಕೋಣೆಗೆ ಹೋದೆ. ‘ಬಾಗ್ಲು ಹಾಕ್ಕೊಂಡು ಬನ್ನಿ’ ಎಂದರು. ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಗಾಬರಿಯಾಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿದ್ದರು. ಕೊನೆಗೆ, ‘ಒಂದು ಸಾಲು ಅಂದಿದ್ದು ನಾನು, ಸರಿ. ಫೋರ್ಸ್ ಅಂತ ಟೈಪ್ ಮಾಡಿದ್ದು ಯಾರು?’ ಎಂದರು. ನಾನು ಸುಮ್ಮನಿದ್ದೆ. ‘ನೀವು ತುಂಬ ಒಳ್ಳೆ ಕೆಲಸಗಾರ್ತಿ. ಇದನ್ನ ನಾನು ನೋಡ್ಕೋತೀನಿ. ನೀವು ಎರಡು ದಿನ ರಜ ತಗೊಳ್ಳಿ.’

ರಜೆಯಿಂದ ಬಂದಾಗ ಡಿಸ್ಕಿನಲ್ಲಿ ಜಾಗ ಸಾಲದೆಂದು ಸರ್ವರಿನ ಹಳೆಯ ದಾಖಲೆಗಳನ್ನು ಅಳಿಸಲಾಗಿತ್ತು. ಯಾರು ಯಾವಾಗ ಯಾವ ಹೆಸರನ್ನು ಸರಿಸಿದರು ಎಂಬುದು ಅದರಲ್ಲಿತ್ತು. ಆ ವಾರವೇ ಎಲ್ಲರ ಲ್ಯಾಪ್‌ಟಾಪು ಹಳೆಯದಾಯಿತೆಂದು ಹೊಸವು ಬರತೊಡಗಿದವು. ರಜೆಯಲ್ಲಿರುವ ಪರೀಕ್ಷೆಯಾಕೆಯ ಮನೆಗೂ ಒಬ್ಬನನ್ನು ಕಳಿಸಿ ಹಳೆಯದನ್ನು ತರಿಸಿಕೊಂಡರು. ‘ಮಗು ನೋಡೋಕೆ ಆಫೀಸಿಂದ ಬಂದಿದಾರೆ ಅಂದ್ಕೊಂಡೆ ಕಣೆ, ಲ್ಯಾಪ್‌ಟಾಪ್ ನೋಡೋಕೆ ಬಂದಿದ್ರು’ ಎಂದು ಆಕೆ ಫೋನಿನಲ್ಲಿ ನಕ್ಕಳು. ಮೀಟಿಂಗ್ ಕೋಣೆಯ ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪುಗಳು ಇಟ್ಟಿಗೆ ಜೋಡಿಸಿದ ಹಾಗೆ ನಿಂತಿವೆ. ಪ್ರತಿಯೊಂದಕ್ಕೂ ಹೆಸರಿನ ಚೀಟಿ. ದಿನಾ ಒಂದೆರಡು ಹೆಚ್ಚುತ್ತವೆ. ಉಳಿದಿರುವುದು ನನ್ನದು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತಂದೊಪ್ಪಿಸಬೇಕು. ನಿನ್ನ ವಿಚಾರಣೆ ಹನ್ನೊಂದಕ್ಕೆ.

ಹಳೆಯ 7.3 ಎಲ್ಲಿತ್ತು ಎಂದು ತೋರಿಸುವ ಕೊನೆಯ ಪ್ರತಿ ಅದರಲ್ಲಿರುವುದು. ಅದನ್ನು ಹಾಗೆಯೇ ಒಂದು ಪೆನ್ ಡ್ರೈವಿಗೆ ತೆಗೆದು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಆ ಬಿಲ್ಲೆಯೊಳಗೆ ನನ್ನ ಹೆಸರಿದೆ, ಕಟ್ಟಿದ ತಾರೀಕು, ಗಂಟೆ, ನಿಮಿಷ ಇವೆ, ‘ಮೂರು ವಾರದ ಪರೀಕ್ಷೆ ಮುಗಿದಿದೆ’ ಎಂದು ನಾನೇ ಬರೆದ ಸಾಲಿದೆ. ಲಾಯರ್ ಬೇಕೇ ಬೇಕು, ಆದರೆ ಕಂಪನಿಯವರಲ್ಲ, ಬೇರೆಯವರು. ಪೆನ್ ಡ್ರೈವನ್ನು ಅವರ ಕೈಗೆ ಕೊಡು. ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಡ.

ಸೋಮವಾರ ನೀನು ಕೇಳಬೇಕಾದದ್ದು ಒಂದೇ. ಅಪಘಾತವಾದ ಮೇಲೆ ಸೀಲು ಹಾಕಿದ ಆ ಲಿಫ್ಟಿನ ಕಂಟ್ರೋಲರನ್ನು ಎಲ್ಲರೆದುರು ತೆರೆಯಿರಿ ಎನ್ನು. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಸಣ್ಣ ಪರದೆಯಲ್ಲಿ ಮೊದಲು 7.3 ಎಂದು ಬರುತ್ತದೆ, ಬಿಡದೆ ಹಿಡಿದರೆ ಏಳು ಅಕ್ಷರದ ಗುರುತು ಬರುತ್ತದೆ. ನೀವು ಯಾರೂ ಅಲ್ಲಿಯತನಕ ಹಿಡಿಯುವುದಿಲ್ಲ, ಗೊತ್ತು. ಪರೀಕ್ಷೆಯಾದದ್ದು 3f9a1c7. ಆ ಲಿಫ್ಟಿನಲ್ಲಿ ಇರುವುದು b04e622. ಈ ಎರಡು ಬೇರೆಯಾದರೆ ಜಂಪರ್ ವೈರಿನ ಮಾತೇ ಉಳಿಯುವುದಿಲ್ಲ. ಸಾಕ್ಷಿ ಹೇಳಲು ನನ್ನನ್ನು ಕರೆಯಿರಿ ಎನ್ನು. ಬರುತ್ತೇನೆ. ಟೈಪ್ ಮಾಡಿದ್ದು ಯಾರು ಎಂದು ಅಲ್ಲಿ ಕೇಳಿದರೆ ಈ ಸಲ ಸುಮ್ಮನಿರುವುದಿಲ್ಲ.

ನೀನು 10ರಂದು ಕಂಡದ್ದು ಉಳಿದ ಲಿಫ್ಟುಗಳಲ್ಲೂ ಇದ್ದರೆ ಗತಿಯೇನು ಎಂದು ಭಾನುವಾರ ನೀನೇ ಕೇಳಿದ್ದೆ. ಕೆಲಸ ಹೋಗುವ ಹೊತ್ತಿನಲ್ಲೂ ನಿನಗೆ ಅದೇ ಯೋಚನೆ. 7.4 ಹಾಕಲು ನಿನ್ನೆ ಸಂಜೆಯಿಂದ ಶುರುಮಾಡಿದ್ದಾರೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ.

ಎರಡು ವಾರ ಗೊತ್ತಿದ್ದೂ ಸುಮ್ಮನಿದ್ದೆ. ನೀನು ನಿನ್ನ ಕೈಯನ್ನೇ ಅನುಮಾನಿಸುತ್ತಾ ಕೂತಿದ್ದಾಗ ಎದುರಿಗೆ ಕೂತು ಟೀ ಕುಡಿದೆ. ಕ್ಷಮಿಸು ಎಂದು ಕೇಳುವುದಿಲ್ಲ. ಬೈಯುವುದಾದರೆ ಸೋಮವಾರದ ನಂತರ ಬೈಯಿ, ಎಷ್ಟು ಬೇಕಾದರೂ. ಅತ್ತಿಗೆಗೆ ನೀನೇ ಓದಿ ಹೇಳು. ಅವರು ಒಬ್ಬರೇ ಓದುವುದು ಬೇಡ.

ವಾಚನಾಲಯದಾತ ಕಿಟಕಿಗಳನ್ನು ಒಂದೊಂದಾಗಿ ಹಾಕುತ್ತಿದ್ದಾನೆ. ನಿಲ್ಲಿಸುತ್ತೇನೆ.

ಇಂತಿ,
ನಿನ್ನ ತಂಗಿ
ಗುಮಾಸ್ತೆ

ತಾ.ಕ.: ಲಕೋಟೆ ಅಂಟಿಸಿ ಔಷಧಿ ಅಂಗಡಿಯ ಎದುರಿನ ಬೆಂಚಿನವರೆಗೆ ಬಂದಿದ್ದೆ. ಹರಿದು ಮತ್ತೆ ಬರೆಯುತ್ತಿದ್ದೇನೆ. ಈಗಷ್ಟೇ ನನ್ನ ಫೋನಿಗೆ ಒಂದು ದೂರಿನ ಚೀಟಿ ಬಂತು. ಮೆಕ್ಯಾನಿಕ್ 92, ಕಣ್ಣಿನ ಆಸ್ಪತ್ರೆಯ ಲಿಫ್ಟು: ‘ಬಾಗಿಲು ತೆರೆದಿದ್ದಾಗ ಕ್ಯಾಬಿನ್ ಒಂದು ಗೇಣು ಏರಿತು.’ ಕೆಳಗೆ ಆವೃತ್ತಿ 7.4 ಎಂದಿದೆ.

ಇದನ್ನು ಮೊದಲನೇ ಸಾಲಿನಲ್ಲೇ ಬರೆಯಬೇಕಿತ್ತು. 7.4 ಎನ್ನುವುದು ಬೇರೆ ಹಗ್ಗವಲ್ಲ. ಅದೂ b04e622. ನಿನ್ನೆ ನಾಲ್ಕು ಗಂಟೆಗೆ ಅದಕ್ಕೆ ಆ ಹೆಸರು ಕಟ್ಟಿದವಳು ನಾನು, ಗೊತ್ತಿದ್ದೇ ಕಟ್ಟಿದೆ. ನಿಜವಾದ ರಿಪೇರಿಗೆ ಒಂದು ತಿಂಗಳು ಬೇಕು, ಅಲ್ಲಿಯವರೆಗೆ ಯಾವ ಪರದೆಯಲ್ಲೂ 7.3 ಎಂದು ಕಾಣಬಾರದು ಎಂದರು ಆಗ್ಲೇಬೇಕು. ನೀನು ನನ್ನ ಅಣ್ಣ ಎಂಬುದು ಅವರಿಗೆ ತಿಳಿದುಬಿಟ್ಟಿತ್ತು. ‘ಇದೊಂದು ಮಾಡಿಕೊಡಿ, ನಿಮ್ಮಣ್ಣನ ತಪ್ಪೊಪ್ಪಿಗೆ ಕಾಗದದಲ್ಲಿ ಅಜಾಗರೂಕತೆ ಅನ್ನೋ ಪದ ತೆಗೆಸ್ತೀನಿ’ ಎಂದರು. ಇವತ್ತು ಮಧ್ಯಾಹ್ನ ಆ ಕಾಗದ ನೋಡಿದೆ. ಪದ ಅಲ್ಲೇ ಇದೆ. ತೆಗೆಸಿದ್ದರೆ ಈ ಪತ್ರ ಬರೆಯುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ಸೀಲು ಹಾಕಿದ್ದನ್ನು ಬಿಟ್ಟು ನಲವತ್ತಾರು ಲಿಫ್ಟುಗಳು ಓಡುತ್ತಿವೆ. ವಿಳಾಸಗಳ ಪಟ್ಟಿ ಈ ಹಾಳೆಯ ಹಿಂದಿದೆ. ಮೆಷಿನ್ ರೂಮುಗಳ ಕೀಲಿ ನಿನ್ನ ಜೊತೆಯ ಮೆಕ್ಯಾನಿಕ್ಕುಗಳ ಹತ್ತಿರ ಇದೆ. ನಾನು ಇಬ್ಬರಿಗೆ ಫೋನು ಮಾಡಿದೆ, ‘ಮೇಲಿಂದ ಆರ್ಡರ್ ಬರ್ಲಿ ಮೇಡಂ’ ಎಂದರು. ನೀನು ಹೇಳಿದರೆ ಕೇಳುತ್ತಾರೆ. ಅಂಗಡಿ ಮುಚ್ಚಿ ಈಗಲೇ ಮನೆಗೆ ಓಡಿ ಎಂದು ಅತ್ತಿಗೆಗೆ ಹೇಳುತ್ತೇನೆ, ಅವರ ಫೋನು ಇಸಿದುಕೊಂಡು ಒಬ್ಬೊಬ್ಬರಿಗೂ ಮಾಡು. ಎಲ್ಲವನ್ನೂ ಆರಿಸಿಬಿಡಲಿ.

ಕಣ್ಣಿನ ಆಸ್ಪತ್ರೆಯಲ್ಲಿ ಫೋನು ಯಾರೂ ಎತ್ತುತ್ತಿಲ್ಲ, ಅಲ್ಲಿಗೆ ನಾನೇ ಓಡುತ್ತಿದ್ದೇನೆ. ಇವತ್ತು ಆಪರೇಷನ್ ಆದವರನ್ನು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದವರನ್ನು, ಅಲ್ಲಿ ಏಳೂವರೆಗೆ ಕೆಳಗಿಳಿಸುತ್ತಾರೆ ಎಂದೂ ಚೀಟಿಯಲ್ಲಿದೆ. ಈಗ ಏಳು ಗಂಟೆ ಹದಿನೆಂಟು ನಿಮಿಷ.